ಹಕಾರ ಹೋದ ದಾರಿ

ಕೆಲವು ವರ್ಷಗಳ ಹಿಂದೆ ಹಳೆಯ ಮೈಸೂರು ಸೀಮೆಯ ಊರೊಂದರಲ್ಲಿ ಪ್ರೌಢಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಪೋಷಕರ ಪರವಾಗಿ ಸ್ವಾಗತ ಕೋರಲು ರೈತರೊಬ್ಬರು ವೇದಿಕೆಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ಚೀಟಿ. ಅದರಲ್ಲಿ ‘ಆದರದ ಸ್ವಾಗತ’ ಎಂದು ಬರೆದಿದ್ದಿರಬೇಕು. ಅವರು ಮೈಕಿನ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, ಒಂದೊಂದೇ ಅಕ್ಷರವನ್ನು ಬಿಡಿಸುತ್ತ, ‘ಎಲ್ಲರಿಗೂ ಹಾದರದ ಸ್ವಾಗತ’ ಎಂದರು. ಸಭೆ ಗೊಳ್ಳೆಂದಿತು. ನಾನೂ ನಕ್ಕೆ. ಏನು ತಪ್ಪಿತೆಂದು ಅವರಿಗೆ ತಿಳಿಯಲಿಲ್ಲ. ಚೀಟಿಯನ್ನೊಮ್ಮೆ, ಸಭೆಯನ್ನೊಮ್ಮೆ ನೋಡಿ, ಉಳಿದ ಮಾತನ್ನು ಅವಸರದಲ್ಲಿ ಮುಗಿಸಿ ಇಳಿದರು. ಮಕ್ಕಳ ಸಾಲಿನಲ್ಲಿ ಒಬ್ಬ ಹುಡುಗಿ ತಲೆ ತಗ್ಗಿಸಿ ಕುಳಿತಿದ್ದಳು. ಅವರ ಮಗಳೆಂದು ಆಮೇಲೆ ತಿಳಿಯಿತು.

ಅದೇ ಸಭೆಯ ಆಹ್ವಾನ ಪತ್ರಿಕೆಯಲ್ಲಿ ‘ಕಾರ್ಯಕ್ರಮದ ನಂತರ ಲಘು ಉಪಹಾರ’ ಎಂದು ಅಚ್ಚಾಗಿತ್ತು. ಮುಖ್ಯ ಅತಿಥಿಗಳು ತಮ್ಮ ಭಾಷಣದಲ್ಲಿ ಮೂರು ಸಲವಾದರೂ ‘ಜಾತ್ಯಾತೀತ’ ಎಂದರು. ಯಾರೂ ನಗಲಿಲ್ಲ. ತಪ್ಪಿನ ಲೆಕ್ಕವನ್ನೇ ಹಿಡಿದರೆ ಇವೂ ತಪ್ಪುಗಳೇ. ಉಪ ಮತ್ತು ಆಹಾರ ಸೇರಿದರೆ ಉಪಾಹಾರ, ಅದು ತಿಂಡಿ. ಉಪಹಾರವೆಂದರೆ ಸಂಸ್ಕೃತದಲ್ಲಿ ಕಾಣಿಕೆ, ದೇವರಿಗೆ ಅರ್ಪಿಸುವ ಬಲಿ. ಜಾತಿ ಮತ್ತು ಅತೀತ ಸೇರಿದರೆ ಯಣ್‌ಸಂಧಿಯಾಗಿ ‘ಜಾತ್ಯತೀತ’ವಾಗುತ್ತದೆಯೇ ಹೊರತು ನಡುವೆ ದೀರ್ಘ ಬರಲು ದಾರಿಯಿಲ್ಲ. ‘ಕೋಟ್ಯಾಧಿಪತಿ’ಯ ಕಥೆಯೂ ಇಷ್ಟೆ. ಹೋಟೆಲಿನ ಫಲಕದಲ್ಲಿ, ಪತ್ರಿಕೆಯ ತಲೆಬರಹದಲ್ಲಿ, ಪದವೀಧರರ ಬಾಯಲ್ಲಿ ಇವು ದಿನವೂ ಕಾಣುತ್ತವೆ, ಕೇಳುತ್ತವೆ. ಬಲ್ಲವರು ಒಳಗೊಳಗೇ ಮುಖ ಸಿಂಡರಿಸಬಹುದು. ಆದರೆ ‘ಜಾತ್ಯಾತೀತ’ ಎಂದವರನ್ನು ಹಳ್ಳಿ ಗಮಾರ ಎಂದು ಯಾರೂ ಅನ್ನುವುದಿಲ್ಲ. ಒಂದು ತಪ್ಪಿಗೆ ನಗೆ, ಇನ್ನೊಂದಕ್ಕೆ ಚಪ್ಪಾಳೆ. ಈ ವ್ಯತ್ಯಾಸ ಎಲ್ಲಿಂದ ಬಂತು ಎಂದು ಹುಡುಕುತ್ತ ಹೊರಟರೆ ಕನ್ನಡದ ಸಾವಿರ ವರ್ಷಗಳ ಚರಿತ್ರೆಯೊಳಗೆ ಹೊಕ್ಕು ಬರಬೇಕಾಗುತ್ತದೆ.

ಒಂದರ ಜಾಗದಲ್ಲಿ ಇನ್ನೊಂದು ಪದ ಬಂದಾಗ ಆಗುವ ಕಿರಿಕಿರಿ ಭಾಷೆಯ ಮೇಲೆ ಪ್ರೀತಿ ಇರುವವರಿಗೆಲ್ಲ ಉಂಟು. ‘ಶುಭಾಷಯ’ವೆಂದು ಬರೆದ ಕಾರ್ಡು ಬಂದರೆ ಕೆಲವರಿಗೆ ಹಬ್ಬದ ಖುಷಿಯೇ ಹೋಗುತ್ತದೆ. ‘ದನಸಹಾಯ’ ಎಂಬ ಫಲಕ ಕಂಡರೆ, ಎಷ್ಟು ಹಸು, ಎಷ್ಟು ಎತ್ತು ಎಂದು ಕೇಳುವ ಕುಚೋದ್ಯಗಾರರಿದ್ದಾರೆ. (ಪಂಡಿತರ ಪ್ರಕಾರ ಈ ‘ದನ’ವೂ ಸಂಸ್ಕೃತದ ‘ಧನ’ದ ತದ್ಭವವೇ. ಗೋವುಗಳೇ ಸಂಪತ್ತಾಗಿದ್ದ ಕಾಲದ ಪದ. ಹಾಗಾಗಿ ಕುಚೋದ್ಯಗಾರರು ಸ್ವಲ್ಪ ಹುಷಾರಾಗಿರುವುದು ಒಳ್ಳೆಯದು.) ಪಾ.ವೆಂ. ಆಚಾರ್ಯರು ‘ಕಸ್ತೂರಿ’ಯಲ್ಲಿ ಪದಗಳ ಹುಟ್ಟನ್ನೂ ಬಾಳನ್ನೂ ಕುರಿತು ರಸವತ್ತಾಗಿ ಬರೆದರು. ಪ್ರೊ. ಜಿ. ವೆಂಕಟಸುಬ್ಬಯ್ಯನವರು 1991ರಲ್ಲಿ ‘ಪ್ರಜಾವಾಣಿ’ಯಲ್ಲಿ ಆರಂಭಿಸಿದ ‘ಇಗೋ ಕನ್ನಡ’ಕ್ಕೆ ಓದುಗರು ವರ್ಷಗಟ್ಟಲೆ ಪ್ರಶ್ನೆ ಕಳಿಸುತ್ತಲೇ ಇದ್ದರು. ಇದು ಸರಿಯೋ ಅದು ಸರಿಯೋ ಎಂದು ಕೇಳುವ ಹಂಬಲ ನಮ್ಮಲ್ಲಿ ದೊಡ್ಡದು. 2021ರಲ್ಲಿ 107ನೆಯ ವಯಸ್ಸಿನಲ್ಲಿ ತೀರಿಕೊಂಡ ಆ ಹಿರಿಯರ ಬಳಿ ಕನ್ನಡಿಗರು ತಂದ ವ್ಯಾಜ್ಯಗಳೆಲ್ಲ ಇಂಥವೇ.

ಹಂಬಲ ಹೊಸದಲ್ಲ. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥವೇ ಸರಿತಪ್ಪುಗಳ ವಿಚಾರದ್ದು. ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ರಚಿಸಿದ ‘ಕವಿರಾಜಮಾರ್ಗ’ ಕವಿಗಳಿಗೆ ಹಾಗೆ ಬರೆಯಬೇಡಿ, ಹೀಗೆ ಬರೆಯಿರಿ ಎಂದು ಹೇಳುತ್ತ ಹೋಗುತ್ತದೆ. ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಅಡ್ಡಾದಿಡ್ಡಿ ಬೆಸೆದರೆ ಅದು ಕಾಯುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದಂತೆ ಎಂಬ ಅರ್ಥದ ಮಾತು ಅಲ್ಲಿದೆ. ಶ್ರೀವಿಜಯನಿಗೂ ಒಂದು ಕಿರಿಕಿರಿ ಇತ್ತು ಅನ್ನೋಣ. ಮುಂದಿನ ವ್ಯಾಕರಣಕಾರರು ಇಂಥ ಜೋಡಣೆಗೆ ‘ಅರಿಸಮಾಸ’ ಎಂದು ಹೆಸರಿಟ್ಟರು, ಎಂದರೆ ಶತ್ರುಸಮಾಸ. ಇವತ್ತು ನಾವು ಮುಖಬೆಲೆ, ದಿನಗೂಲಿ ಎಂದೆಲ್ಲ ಲೀಲಾಜಾಲವಾಗಿ ಆಡುತ್ತೇವೆ. ಹಾಲು ಒಡೆದಂತೆ ಯಾರಿಗೂ ಅನ್ನಿಸಿಲ್ಲ.

ಶ್ರೀವಿಜಯ ಇನ್ನೂ ಎರಡು ಸಂಗತಿ ಹೇಳುತ್ತಾನೆ. ಒಳ್ಳೆಯ ಕನ್ನಡದ ತಿರುಳು ಎಲ್ಲಿದೆಯೆಂದರೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡಿನಲ್ಲಿ ಎನ್ನುತ್ತಾನೆ. ಇವತ್ತಿನ ಹೆಸರು ಹೇಳುವುದಾದರೆ ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲು, ಕೊಪ್ಪಳ, ಗದಗ ಜಿಲ್ಲೆಯ ಲಕ್ಷ್ಮೇಶ್ವರ, ಬೆಳಗಾವಿ ಜಿಲ್ಲೆಯ ಒಕ್ಕುಂದ. ನಮ್ಮ ಸಿನಿಮಾಗಳು ದಶಕಗಳ ಕಾಲ ಯಾವ ಸೀಮೆಯ ಮಾತನ್ನು ಹಾಸ್ಯಪಾತ್ರಗಳ ಬಾಯಿಗೆ ಮೀಸಲಿಟ್ಟವೋ ಆ ಸೀಮೆಯೇ ಒಂಬತ್ತನೆಯ ಶತಮಾನದ ಮಾದರಿ ಕನ್ನಡದ ತವರು! ಅವನ ಎರಡನೆಯ ಮಾತು ಇನ್ನೂ ಸ್ವಾರಸ್ಯವಾದುದು. ನಾಡಿನ ಕನ್ನಡಗಳು ಸೀಮೆಗೊಂದು ಬಗೆಯಾಗಿರುವುದರಿಂದ ಅವುಗಳ ದೋಷಗಳನ್ನು ಎಣಿಸಹೊರಟರೆ ಸಾವಿರ ನಾಲಗೆಯ ವಾಸುಕಿಗೂ ಬೇಸರ ಬಂದೀತು ಎಂಬುದು ಅದರ ಭಾವ. ತಪ್ಪು ಹಿಡಿಯುವ ಕೆಲಸಕ್ಕೆ ಕೊನೆಯಿಲ್ಲವೆಂದು ಆ ಕೆಲಸದ ಆದಿಪುರುಷನೇ ಕೈಚೆಲ್ಲಿದ್ದ.

ನಾಲ್ಕು ಶತಮಾನ ಮುಂದೆ ಬರೋಣ. ಹೊಯ್ಸಳರ ಕಾಲ, ಕ್ರಿ.ಶ. 1260ರ ಸುಮಾರು. ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದ ಮಲ್ಲಿಕಾರ್ಜುನನ ಮಗ, ಕವಿ ಜನ್ನನ ಸೋದರಳಿಯ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದ. ಕನ್ನಡಕ್ಕೆ ಕನ್ನಡದಲ್ಲೇ ಬರೆದ ಈ ವ್ಯಾಕರಣವನ್ನು ಕಂದಪದ್ಯಗಳ ಸೂತ್ರ, ಅದಕ್ಕೊಂದು ವೃತ್ತಿ, ಹಿಂದಿನ ಕವಿಗಳ ಪ್ರಯೋಗ ಎಂದು ಅಚ್ಚುಕಟ್ಟಾಗಿ ಕಟ್ಟಿದ್ದಾನೆ. ಕೇಶಿರಾಜನ ಕಾಲಕ್ಕೆ ಒಂದು ಪೇಚು ಬಂದಿತ್ತು. ಹಳಗನ್ನಡದಲ್ಲಿ ಈಗ ನಮಗಿಲ್ಲದ ಎರಡು ಅಕ್ಷರಗಳಿದ್ದುವು. ಒಂದು ಱ, ಶಕಟರೇಫ. ‘ರ’ಕ್ಕಿಂತ ಗಡುಸಾದ ಧ್ವನಿ. ಇನ್ನೊಂದು ೞ, ತಮಿಳರು ತಮ್ಮ ಭಾಷೆಯ ಹೆಸರಿನ ಕೊನೆಯಲ್ಲಿ ನಾಲಗೆ ಹೊರಳಿಸಿ ಉಚ್ಚರಿಸುವ ಆ ಧ್ವನಿ. ಜನರ ಬಾಯಲ್ಲಿ ಮೊದಲನೆಯದು ‘ರ’ದೊಡನೆಯೂ ಎರಡನೆಯದು ‘ಳ’ದೊಡನೆಯೂ ಬೆರೆತುಹೋಗುತ್ತಿದ್ದುವು.

ಇದು ಬರಿಯ ಉಚ್ಚಾರಣೆಯ ಸೂಕ್ಷ್ಮವಲ್ಲ, ಅರ್ಥದ ಪ್ರಶ್ನೆ. ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಬದುಕು. ‘ಆಳ್’ ಎಂದರೆ ಅಧಿಕಾರ ನಡೆಸು, ‘ಆೞ್’ ಎಂದರೆ ಮುಳುಗು. ‘ಅಳಿ’ ಎಂದರೆ ಪ್ರೀತಿ, ಕರುಣೆ. ‘ಅೞಿ’ ಎಂದರೆ ನಾಶವಾಗು. ರೇಫದ ಕಡೆಗೆ ಬಂದರೆ ‘ಅರಿ’ ಕತ್ತರಿಸುವುದು, ‘ಅಱಿ’ ತಿಳಿಯುವುದು. ‘ತೆರೆ’ ನೀರಿನ ಅಲೆ, ‘ತೆಱೆ’ ಬಾಗಿಲು ತೆಗೆಯುವುದು. ‘ಕರೆ’ ಕೂಗುವುದು, ‘ಕಱೆ’ ಹಾಲು ಹಿಂಡುವುದು. ಹಸುವನ್ನು ಕರೆ ಎಂದರೆ ಕೂಗಬೇಕೋ ಕೆಚ್ಚಲಿಗೆ ಕೈ ಹಾಕಬೇಕೋ ಎಂಬ ಗೊಂದಲ ಹಳಗನ್ನಡದವರಿಗೆ ಇರಲಿಲ್ಲ. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಹೊಂದಿಸಬೇಕಾದ ಕವಿಗಂತೂ ಇದು ಜೀವನ್ಮರಣದ ಪ್ರಶ್ನೆ. ಳಕಾರಕ್ಕೆ ೞಕಾರವನ್ನು ತಂದು ಪ್ರಾಸ ಕಟ್ಟಿದರೆ ಬಲ್ಲವರ ಕಿವಿ ಚುಚ್ಚುತ್ತಿತ್ತು. ಕಿವಿಯಿಂದ ತಿಳಿಯದ ಭೇದವನ್ನು ಬಾಯಿಪಾಠದಿಂದಲೇ ಉಳಿಸಬೇಕು. ಹಾಗಾಗಿ ಕೇಶಿರಾಜ ಯಾವ ಯಾವ ಪದಗಳಲ್ಲಿ ಈ ಅಕ್ಷರಗಳು ಬರುತ್ತವೆಂದು ಪಟ್ಟಿಯನ್ನೇ ಕೊಟ್ಟ. ನಮ್ಮ ಶಾಲೆಗಳಲ್ಲಿ ಶ-ಷ-ಸಗಳ ಪದಪಟ್ಟಿಯನ್ನು ಮಕ್ಕಳು ಉರುಹೊಡೆಯುತ್ತಾರಲ್ಲ, ಅದರ ಹದಿಮೂರನೆಯ ಶತಮಾನದ ರೂಪ ಇದು ಎನ್ನಬಹುದು.

ಪಟ್ಟಿ ಉಳಿಯಿತು, ಧ್ವನಿ ಉಳಿಯಲಿಲ್ಲ. ೞ ಮೊದಲು ಹೋಯಿತು. ಱ ಬರಹದಲ್ಲಿ ಇನ್ನೂ ಕೆಲಕಾಲ ಹೆಣಗಿ ಅದೂ ಹೋಯಿತು. ಇಂದು ‘ಬಾಳು’ ಬದುಕೂ ಹೌದು, ಹಳೆಯ ಕಾವ್ಯ ಓದುವವರಿಗೆ ಕತ್ತಿಯೂ ಹೌದು. ‘ತೆರೆ’ ಅಲೆಯೂ ಹೌದು, ಬಾಗಿಲು ತೆಗೆ ಎಂಬ ಅಪ್ಪಣೆಯೂ ಹೌದು. ‘ಹಸು ಕರೆ’ ಎಂದಾಗ ಚೊಂಬು ಹಿಡಿದು ಹೋಗಬೇಕೆಂದು ಹಳ್ಳಿಯ ಯಾವ ಹುಡುಗನಿಗೂ ಹೇಳಿಕೊಡಬೇಕಾಗಿಲ್ಲ. ಸಂದರ್ಭವೇ ಅಕ್ಷರದ ಕೆಲಸ ಮಾಡುತ್ತದೆ. ಏನೂ ನಷ್ಟವಾಗಲಿಲ್ಲವೆಂದು ನಾನು ಹೇಳುತ್ತಿಲ್ಲ. ‘ಅಳಿ’ಯ ಕರುಣೆಯ ಅರ್ಥ ನಮ್ಮ ಆಡುಮಾತಿನಿಂದ ಮರೆಯಾಗಲು, ನಾಶದ ‘ಅೞಿ’ ಅದೇ ರೂಪಕ್ಕೆ ಬಂದು ಕುಳಿತದ್ದೂ ಒಂದು ಕಾರಣವಿರಬಹುದು. ಒಂದೇ ಬಾಯಿಂದ ಕರುಣಿಸು ಎಂದೂ ಹಾಳಾಗು ಎಂದೂ ಕೇಳಿಸುವ ಪದವನ್ನು ಯಾರು ತಾನೇ ಇಟ್ಟುಕೊಳ್ಳುತ್ತಾರೆ?

ಇನ್ನು ನಮ್ಮ ವಾರ್ಷಿಕೋತ್ಸವದ ಹಕಾರಕ್ಕೆ ಬರೋಣ. ಈ ಹಕಾರ ಕನ್ನಡಕ್ಕೆ ಬಂದದ್ದೇ ಒಂದು ದೊಡ್ಡ ಕಥೆ. ಹಳಗನ್ನಡದ ಅಚ್ಚ ಪದಗಳ ಆದಿಯಲ್ಲಿ ಹಕಾರ ಇರಲಿಲ್ಲವೆಂದೇ ಹೇಳಬೇಕು. ಹಾಲಿಗೆ ಪಾಲ್, ಹೂವಿಗೆ ಪೂ, ಹುಲಿಗೆ ಪುಲಿ, ಹಲ್ಲಿಗೆ ಪಲ್, ಹೊಸದಕ್ಕೆ ಪೊಸತು. ನೆರೆಯ ಭಾಷೆಗಳಲ್ಲಿ ಇವು ಇಂದಿಗೂ ಹಾಗೆಯೇ ಇವೆ. ತಮಿಳರ ಪಾಲ್, ತೆಲುಗರ ಪಾಲು, ತುಳುವರ ಪಿಲಿ ನಮಗೆ ಗೊತ್ತಿದ್ದದ್ದೇ. ಕನ್ನಡ ಮಾತ್ರ ದಾರಿ ಬದಲಿಸಿತು. ಸುಮಾರು ಹತ್ತನೆಯ ಶತಮಾನದಿಂದೀಚೆಗೆ ಶಾಸನಗಳಲ್ಲಿ ಅಲ್ಲೊಂದು ಇಲ್ಲೊಂದು ಪಕಾರ ಹಕಾರವಾಗಿ ಕಾಣಿಸಿಕೊಳ್ಳುತ್ತದೆ. ಮುಂದಿನ ಎರಡು ಮೂರು ಶತಮಾನಗಳಲ್ಲಿ ಅದು ಹೊಳೆಯಾಗಿ ಹರಿಯುತ್ತದೆ. ಶಾಸನಗಳನ್ನು ಕೆತ್ತಿಸಿದವರು ಪಾನುಂಗಲ್ಲನ್ನು ಹಾನುಂಗಲ್ಲೆಂದೂ ಪುಲಿಗೆರೆಯನ್ನು ಹುಲಿಗೆರೆಯೆಂದೂ ಕರೆಯತೊಡಗಿದರು. ಪಂಪೆ ಹಂಪೆಯಾಯಿತು. ಸಂಸ್ಕೃತ ಪ್ರಾಕೃತಗಳಿಂದ ಬಹಳ ಹಿಂದೆಯೇ ಬಂದು ನೆಲೆಸಿದ್ದ ಪದಗಳೂ ಈ ಪ್ರವಾಹದಲ್ಲಿ ಸೇರಿಕೊಂಡವು. ಪಕ್ಷಿ ಹಕ್ಕಿಯಾಯಿತು, ಪರ್ವ ಹಬ್ಬವಾಯಿತು, ಪುಸ್ತಕದಿಂದ ಬಂದ ಪೊತ್ತಗೆ ಹೊತ್ತಗೆಯಾಯಿತು.

ಆದಿಪುರಾಣವನ್ನು ಕ್ರಿ.ಶ. 941ರಲ್ಲಿ ಮುಗಿಸಿದ ಪಂಪನಿಗೆ ‘ಹಾಲು’ ಎಂಬ ಮಾತು ಹೇಗೆ ಕೇಳಿಸುತ್ತಿತ್ತು? ಇವತ್ತು ‘ಆಲು’ ನಮಗೆ ಕೇಳಿಸುವ ಹಾಗೆಯೇ ಇರಬೇಕು. ಅವನ ತಲೆಮಾರಿನ ಹಿರಿಯರು ಮಕ್ಕಳನ್ನು ಗದರಿಸಿರಲೂಬಹುದು: ತುಟಿ ಮುಚ್ಚಿ ಸರಿಯಾಗಿ ‘ಪಾಲ್’ ಅನ್ನು, ಅದೇನು ‘ಹಾಲ್’ ಅಂತ ಉಸಿರು ಬಿಡುತ್ತೀಯೆ! ಇದು ನನ್ನ ಕಲ್ಪನೆ. ಆದರೆ ಇನ್ನೊಂದು ಸಂಗತಿ ಕಲ್ಪನೆಯಲ್ಲ. ಕೇಶಿರಾಜ ತನ್ನ ವ್ಯಾಕರಣಕ್ಕೆ ಪ್ರಮಾಣವೆಂದು ಒಪ್ಪಿಕೊಂಡ ಹಿಂದಿನ ಕವಿಗಳ ಹೆಸರುಗಳನ್ನು ಒಂದು ಪದ್ಯದಲ್ಲಿ ಕೊಡುತ್ತಾನೆ. ಗಜಗ, ಗುಣನಂದಿ, ಅಸಗ, ಗುಣವರ್ಮ, ಶ್ರೀವಿಜಯ ಮೊದಲಾದವರ ಆ ಪಟ್ಟಿಯಲ್ಲಿ ಪೊನ್ನನೂ ಪಂಪನೂ ಇದ್ದಾರೆ. ಯಾವ ಹೆಸರಿನಿಂದ? ‘ಹೊನ್ನ’, ‘ಹಂಪ’ ಎಂದು. ಆದಿಕವಿಯ ಹೆಸರೇ, ಅದೂ ಶುದ್ಧ ಪ್ರಯೋಗಗಳ ಕಾವಲುಗಾರನ ಕೈಯಲ್ಲೇ, ಮುನ್ನೂರು ವರ್ಷಗಳಲ್ಲಿ ಹಕಾರಕ್ಕೆ ತಿರುಗಿತ್ತು. ೞಕಾರಕ್ಕಾಗಿ ಅಷ್ಟೆಲ್ಲ ಪಾಡುಪಟ್ಟ ಕೇಶಿರಾಜನಿಗೆ ‘ಹಂಪ’ನೆಂದು ಬರೆಯುವಾಗ ಅಳುಕಿದಂತೆ ಕಾಣುವುದಿಲ್ಲ. ಪಂಡಿತರ ಕಿರಿಕಿರಿಗೂ ಒಂದು ಆಯ್ಕೆಯಿರುತ್ತದೆ. ತಮ್ಮ ಬಾಯಲ್ಲಿಲ್ಲದ ಬದಲಾವಣೆ ಮಾತ್ರ ಅವರಿಗೆ ದೋಷವಾಗಿ ಕಾಣುತ್ತದೆ.

ಪಕಾರ ಹಕಾರವಾಗುವುದು ಹೇಗೆಂದು ಬಾಯಲ್ಲೇ ಪ್ರಯೋಗ ಮಾಡಿ ನೋಡಬಹುದು. ಪಕಾರಕ್ಕೆ ಎರಡು ತುಟಿಗಳೂ ಕೂಡಿ, ಗಾಳಿಯನ್ನು ತಡೆದು, ಒಮ್ಮೆಲೇ ಬಿಡಬೇಕು. ತುಟಿಗಳು ಪೂರ್ತಿ ಕೂಡದೆ ಹೋದರೆ ಗಾಳಿ ಸುಳಿದು ಹೋಗುತ್ತದೆ. ತುಟಿಯ ಕೆಲಸವೂ ತಪ್ಪಿದರೆ ಉಳಿಯುವುದು ಗಂಟಲಿನ ಉಸಿರೊಂದೇ. ಅದೇ ಹಕಾರ. ಆ ಉಸಿರೂ ಸಡಿಲವಾದರೆ? ಸ್ವರ ಮಾತ್ರ ಉಳಿಯುತ್ತದೆ. ಪಾಲು, ಹಾಲು, ಆಲು. ಮಂಡ್ಯ, ಮೈಸೂರು, ಚಾಮರಾಜನಗರ, ತುಮಕೂರು, ಕೋಲಾರ ಕಡೆಯ ಹಳ್ಳಿಗಳಲ್ಲಿ ‘ಆಲು’, ‘ಊವು’, ‘ಅಬ್ಬ’, ‘ಓಗು’ ಎನ್ನುವವರು ಕನ್ನಡ ಸಾವಿರ ವರ್ಷದ ಹಿಂದೆ ಹಿಡಿದ ದಾರಿಯಲ್ಲಿ ನಮಗಿಂತ ಒಂದು ಹೆಜ್ಜೆ ಮುಂದೆ ಇದ್ದಾರೆ, ಅಷ್ಟೆ. ‘ಹಾಲು’ ಎನ್ನುವ ನಾವು ನಡುದಾರಿಯಲ್ಲಿ ನಿಂತು, ಹಿಂದಿನ ತಂಗುದಾಣವನ್ನು ಮರೆತು, ಮುಂದೆ ಹೋದವರನ್ನು ನೋಡಿ ನಗುತ್ತಿದ್ದೇವೆ.

ಉತ್ತರದ ಹಳ್ಳಿಗಳಲ್ಲಿ ಕೇಳುವ ‘ಸಾಲಿ’ಯ ವಿಚಾರವೂ ಹೀಗೆಯೇ. ಶಾಲೆಯನ್ನು ಸಾಲಿ ಎಂದರೆ ನಗುತ್ತೇವೆ. ಆದರೆ ಸಂಸ್ಕೃತದ ‘ಆಶಾ’ ನಮ್ಮಲ್ಲಿ ‘ಆಸೆ’ಯಾಗಿದೆ, ಋಷಿ ರಿಸಿಯಾಗಿದ್ದಾನೆ; ‘ದೇಸಿ’ ಎಂಬ ಪದವೇ ದೇಶಿಯಿಂದ ಬಂದದ್ದು. ಶಕಾರ ಷಕಾರಗಳಿಗೆ ಸಕಾರ ಬರುತ್ತದೆಂದು ಕೇಶಿರಾಜನ ಅಪಭ್ರಂಶ ಪ್ರಕರಣವೇ ಹೇಳುತ್ತದೆ. ಒಂದೇ ನಿಯಮ. ‘ಆಸೆ’ಗೆ ನಿಘಂಟಿನಲ್ಲಿ ಮಣೆ ಸಿಕ್ಕಿತು, ‘ಸಾಲಿ’ ಹೊರಗೆ ಜಗಲಿಯ ಮೇಲೆ ಕುಳಿತಿದೆ. ಕವಿಗಳು ಬರೆದ ತದ್ಭವ ಸಾಹಿತ್ಯವಾಯಿತು, ಒಕ್ಕಲಿಗರು ಆಡಿದ ತದ್ಭವ ಅಪಶಬ್ದವಾಯಿತು.

ಹಾಗಾದರೆ ‘ಆದರ’ ‘ಹಾದರ’ವಾದದ್ದು ಹೇಗೆ? ಹಕಾರವನ್ನು ಬಿಡುವವರು ಹಕಾರವಿಲ್ಲದ ಪದಕ್ಕೆ ಅದನ್ನು ತಂದು ಅಂಟಿಸುವುದೇಕೆ? ಇದು ಅಜ್ಞಾನದಿಂದಲ್ಲ, ಭಯದಿಂದ ಹುಟ್ಟುವ ತಪ್ಪು. ಆ ರೈತರ ಮನೆಮಾತಿನಲ್ಲಿ ಆದರ ಎಂಬ ಪದವೇ ಇಲ್ಲ. ಅದು ವೇದಿಕೆಯ ಪದ. ನೀವು ಹಕಾರ ಬಿಡುತ್ತೀರಿ ಎಂದು ಶಾಲೆಯಲ್ಲಿ, ಕಚೇರಿಯಲ್ಲಿ, ಪೇಟೆಯಲ್ಲಿ ಅವರಿಗೆ ಜೀವಮಾನವಿಡೀ ಹೇಳಿರುತ್ತಾರೆ. ಎಲ್ಲಿ ಬಿಟ್ಟಿದ್ದೇವೆಂದು ಕಿವಿಗೆ ತಿಳಿಯುವುದಿಲ್ಲ. ವೇದಿಕೆಯೇರಿದಾಗ ಯಾವುದಕ್ಕೂ ಇರಲಿ ಎಂದು ಒಂದು ಹಕಾರ ಹಾಕುತ್ತಾರೆ. ಅಭಿಮಾನ ಹಭಿಮಾನವಾಗುವುದು, ಆರತಿ ಹಾರತಿಯಾಗುವುದು ಹೀಗೆ. ಮೊದಲ ತಪ್ಪಿಗೆ ನಾವು ನಕ್ಕ ನಗೆಯೇ ಎರಡನೆಯ ತಪ್ಪನ್ನು ಹೆರುತ್ತದೆ. ಆಮೇಲೆ ಅದಕ್ಕೂ ನಗುತ್ತೇವೆ.

ಈ ಹಕಾರದ ನಾಟಕ ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಇದಕ್ಕೆ ಎರಡು ಸಾವಿರ ವರ್ಷಗಳ ಹಿಂದಿನ ರೋಮ್ ನಗರದಲ್ಲಿ ಒಂದು ಪಡಿಯಚ್ಚಿದೆ. ಲ್ಯಾಟಿನ್ ಭಾಷೆಯ ಸಾಮಾನ್ಯರ ಮಾತಿನಲ್ಲಿ ಹಕಾರ ಸವೆಯುತ್ತಿದ್ದ ಕಾಲ. ಹಕಾರವಿದ್ದರೆ ನಾಗರಿಕ, ಇಲ್ಲದಿದ್ದರೆ ಹಳ್ಳಿಗ. ಕ್ರಿಸ್ತಪೂರ್ವ ಒಂದನೆಯ ಶತಮಾನದ ಕವಿ ಕತುಲ್ಲಸ್, ಆರಿಯಸ್ ಎಂಬ ಒಬ್ಬನ ಮೇಲೆ ಒಂದು ಕುಚೋದ್ಯದ ಕವನ ಬರೆದ. ಈ ಆರಿಯಸ್ ದೊಡ್ಡವರಂತೆ ಮಾತಾಡಬೇಕೆಂಬ ಹುಮ್ಮಸ್ಸಿನಲ್ಲಿ, ಬೇಡದ ಪದಗಳಿಗೆಲ್ಲ ಹಕಾರ ಹಚ್ಚುತ್ತಿದ್ದನಂತೆ. ‘ಇನ್ಸಿದಿಯಾಸ್’ ಎಂಬ ಪದವನ್ನು ‘ಹಿನ್ಸಿದಿಯಾಸ್’ ಎಂದು, ಸಾಧ್ಯವಾದಷ್ಟು ಜೋರಾಗಿ, ಹೇಳಿ ತಾನೆಷ್ಟು ಚೆನ್ನಾಗಿ ಮಾತಾಡಿದೆನೆಂದು ಬೀಗುತ್ತಿದ್ದನಂತೆ. ಅವನನ್ನು ಸಿರಿಯಾ ದೇಶಕ್ಕೆ ಕಳಿಸಿದಾಗ ಊರಿನ ಕಿವಿಗಳೆಲ್ಲ ನೆಮ್ಮದಿಯಾಗಿದ್ದವು. ಅಷ್ಟರಲ್ಲಿ ಸುದ್ದಿ ಬಂತು, ಆರಿಯಸ್ ದಾಟಿಹೋದ ಮೇಲೆ ಅಯೋನಿಯನ್ ಸಮುದ್ರವೇ ‘ಹಯೋನಿಯನ್’ ಆಗಿದೆಯ ಎಂದು! ಕವನ ನಗಿಸುತ್ತದೆ, ನಿಜ. ಆದರೆ ನಡುವೆ ಕವಿ ಅವನ ತಾಯಿ, ಸೋದರಮಾವ, ತಾಯಿಯ ತಂದೆತಾಯಿಗಳನ್ನೂ ಎಳೆದು ತಂದು, ಅವರೂ ಹೀಗೇ ಆಡುತ್ತಿದ್ದಿರಬೇಕು ಎನ್ನುತ್ತಾನೆ. ಮಾತಿನ ತಪ್ಪಿಗೆ ಕುಲ ಕೇಳುವ ಪದ್ಧತಿ ಅಲ್ಲಿಯೂ ಇತ್ತು.

ಅದೇ ಶತಮಾನದ ಮಹಾವಾಗ್ಮಿ ಸಿಸೆರೊ ಹೆಚ್ಚು ಪ್ರಾಮಾಣಿಕ. ಕೆಲವು ಪದಗಳಲ್ಲಿ ಪೂರ್ವಿಕರು ಮಹಾಪ್ರಾಣ ಉಚ್ಚರಿಸುತ್ತಿರಲಿಲ್ಲವೆಂದು ಅವನಿಗೆ ಗೊತ್ತಿತ್ತು. ಮೊದಮೊದಲು ತಾನೂ ಹಾಗೆಯೇ ಮಾತಾಡುತ್ತಿದ್ದ. ಕೊನೆಗೆ ಜನರ ಕಿವಿಗೆ ಸೋತು, ರೂಢಿಯನ್ನು ಜನರಿಗೆ ಬಿಟ್ಟುಕೊಟ್ಟು ವಿದ್ಯೆಯನ್ನು ತನ್ನಲ್ಲೇ ಇಟ್ಟುಕೊಂಡೆನೆಂದು ಬರೆದಿದ್ದಾನೆ. ಇನ್ನೂ ನಾಲ್ಕೂವರೆ ಶತಮಾನ ಕಳೆದ ಮೇಲೆ, ಕ್ರಿ.ಶ. 400ರ ಆಸುಪಾಸಿನಲ್ಲಿ, ಆಫ್ರಿಕಾದ ಸಂತ ಆಗಸ್ಟೀನ್ ತನ್ನ ಆತ್ಮನಿವೇದನೆಯಲ್ಲಿ ಶಾಲಾದಿನಗಳನ್ನು ನೆನೆಯುತ್ತ ಇದೇ ಹಕಾರಕ್ಕೆ ಬರುತ್ತಾನೆ. ಮನುಷ್ಯ ಎಂಬ ಅರ್ಥದ ಲ್ಯಾಟಿನ್ ಪದ ‘ಹೊಮೊ’. ಆ ಪದದ ಹಕಾರವನ್ನು ಬಿಟ್ಟು ಉಚ್ಚರಿಸಿದವನ ಮೇಲೆ ಜನ ಎಷ್ಟು ಸಿಟ್ಟಾಗುತ್ತಾರೋ, ಮನುಷ್ಯನನ್ನೇ ದ್ವೇಷಿಸುವವನ ಮೇಲೆ ಅಷ್ಟು ಸಿಟ್ಟಾಗುವುದಿಲ್ಲ ಎಂಬುದು ಅವನ ಅಳಲು. ಸ್ವತಃ ಅಲಂಕಾರಶಾಸ್ತ್ರದ ಮೇಷ್ಟರಾಗಿದ್ದವನ ಮಾತಿದು.

ಅಷ್ಟೆಲ್ಲ ಕಾವಲಿದ್ದ ಆ ಹಕಾರ ಏನಾಯಿತು? ಲ್ಯಾಟಿನ್ನಿನ ಮಕ್ಕಳಾದ ಇಟಾಲಿಯನ್, ಫ್ರೆಂಚ್, ಸ್ಪ್ಯಾನಿಷ್ ಭಾಷೆಗಳಲ್ಲಿ ಹಳೆಯ ಹಕಾರದ ಸದ್ದಿಲ್ಲ. ಇಟಲಿಯವರು ಮನುಷ್ಯನನ್ನು ‘ಉಓಮೊ’ ಎನ್ನುತ್ತಾರೆ. ಫ್ರೆಂಚರೂ ಸ್ಪೇನಿನವರೂ ತಮ್ಮ ಪದಗಳಲ್ಲಿ ಆ ಅಕ್ಷರವನ್ನು ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ಕತುಲ್ಲಸನ ಊರಾದ ವೆರೋನದಲ್ಲಿ ಇವತ್ತು ಎಲ್ಲರೂ ಹಕಾರ ಬಿಡುವವರೇ.

ಕನ್ನಡದ ಹಕಾರವೂ ಹಾಗೆಯೇ ಹೋಗುತ್ತದೆಂದು ಭವಿಷ್ಯ ಹೇಳುವ ಧೈರ್ಯ ನನಗಿಲ್ಲ. ಅಚ್ಚು, ಶಾಲೆ, ಆಕಾಶವಾಣಿ, ದೂರದರ್ಶನಗಳು ಬಂದ ಮೇಲೆ ಮಾತಿನ ಹರಿವಿಗೆ ಅಣೆಕಟ್ಟುಗಳಾಗಿವೆ. ಸಾಹಿತ್ಯದಲ್ಲಿ ಮಾತ್ರ ಹಕಾರವಿಲ್ಲದ ಕನ್ನಡಕ್ಕೆ ಒಳ್ಳೆಯ ಜಾಗವೇ ಸಿಕ್ಕಿದೆ. ಕನ್ನಡ ಅಧ್ಯಾಪಕರೂ ಪಾಳಿ ಭಾಷೆಯ ವಿದ್ವಾಂಸರೂ ಆಗಿದ್ದ ಜಿ.ಪಿ. ರಾಜರತ್ನಂ 1930ರ ದಶಕದಲ್ಲಿ ‘ಯೆಂಡ್ಕುಡ್ಕ ರತ್ನ’ನನ್ನು ಸೃಷ್ಟಿಸಿದರು. ಹೆಂಡ ‘ಯೆಂಡ’ವಾದದ್ದನ್ನು ಕೇಳಿ ಸುಶಿಕ್ಷಿತರು ಮುಖ ತಿರುಗಿಸಲಿಲ್ಲ, ತಲೆದೂಗಿದರು. ಮೈಸೂರು ಅನಂತಸ್ವಾಮಿಯವರ ಕಂಠದಲ್ಲಿ ಆ ಪದಗಳು ಮನೆಮನೆಗೂ ಬಂದುವು. ಆದರೆ ಆಗಲೂ ಆ ಭಾಷೆ ಒಬ್ಬ ಕುಡುಕನ ಬಾಯಲ್ಲಿತ್ತು ಎಂಬುದನ್ನು ಗಮನಿಸಬೇಕು. ನಂಜನಗೂಡು ಸೀಮೆಯ ಆಡುಮಾತನ್ನು ಪಾತ್ರದ ಬಾಯಿಂದ ಎತ್ತಿ ಕಥೆ ಹೇಳುವವನ ಬಾಯಿಗೇ ಕೊಟ್ಟವರು ದೇವನೂರ ಮಹಾದೇವ. ಅವರ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪುಸ್ತಕ ಅರ್ಥವಾಗುವುದಿಲ್ಲ ಎಂದು ಗೊಣಗಿದ ವಿದ್ಯಾವಂತರು ಬಹಳ ಮಂದಿ. ಹಳಗನ್ನಡ ಅರ್ಥವಾಗದಿದ್ದರೆ ನಾಚಿಕೊಳ್ಳುವವರು, ನಂಜನಗೂಡಿನ ಕನ್ನಡ ಅರ್ಥವಾಗದಿದ್ದರೆ ಲೇಖಕರ ಮೇಲೆ ತಪ್ಪು ಹೊರಿಸಿದರು.

ಇಷ್ಟು ಹೇಳಿದ ಮೇಲೆ, ಹಾಗಾದರೆ ಯಾವುದೂ ತಪ್ಪಲ್ಲವೇ ಎಂದು ಓದುಗರು ಕೇಳಬಹುದು. ಆ ತುದಿಗೆ ಹೋಗುವವರೂ ಇದ್ದಾರೆ. 2023ರಲ್ಲಿ ತೀರಿಕೊಂಡ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು, ಬಹುಪಾಲು ಕನ್ನಡಿಗರ ಮಾತಿನಲ್ಲಿ ಇಲ್ಲದ ಮಹಾಪ್ರಾಣಗಳನ್ನೂ ಷಕಾರ, ಋಕಾರಗಳನ್ನೂ ಬರಹದಿಂದಲೇ ಬಿಡಬೇಕೆಂದು ವಾದಿಸಿದರು. ತಾವೇ ಹಾಗೆ ಬರೆದೂ ತೋರಿಸಿದರು. ಕೆಳಗಿನಿಂದ ಬಂದ ಮಗುವಿಗೆ ಆ ಅಕ್ಷರಗಳು ಅಡ್ಡಗೋಡೆ ಎಂಬ ಅವರ ಕಾಳಜಿ ಗೌರವಿಸಬೇಕಾದದ್ದು. ಆದರೂ ನನಗೆ ಅವರ ಪರಿಹಾರ ಒಪ್ಪಿಗೆಯಾಗಿಲ್ಲ. ಬೀದರಿನವರೂ ಚಾಮರಾಜನಗರದವರೂ ಒಂದೇ ಪುಸ್ತಕ ಓದಬೇಕಾದರೆ ಕಾಗದದ ಮೇಲೆ ಎಲ್ಲರಿಗೂ ಪೊದುವಾದ ಒಂದು ರೂಪ ಬೇಕು. ಅದು ಯಾರ ಬಾಯಿಗೂ ಪೂರ್ತಿ ಹೊಂದದಿದ್ದರೂ ಚಿಂತೆಯಿಲ್ಲ. ಇಂಗ್ಲಿಷರು ಬರೆಯುವ ಅಕ್ಷರಗಳಲ್ಲಿ ಎಷ್ಟೋ ಸದ್ದಿಲ್ಲದೆ ಕುಳಿತಿರುತ್ತವೆ. ನಾವೂ ‘ಹಾಲು’ ಎಂದು ಬರೆದು ‘ಆಲು’ ಎಂದು ಓದಿದರೆ ಆಕಾಶ ಬೀಳುವುದಿಲ್ಲ. ಆಡುವ ಮಾತಿನಲ್ಲೇ ಜೀವಂತವಾಗಿರುವ ಭೇದಗಳಿವೆ: ಹುಳಿ ಮತ್ತು ಹುಲಿ, ಬಳೆ ಮತ್ತು ಬಲೆ. ಟೀವಿಯ ನಿರೂಪಕರು ಇವನ್ನು ಕಲಸಿದಾಗ ನನಗೆ ಈಗಲೂ ಸಿಟ್ಟು ಬರುತ್ತದೆ. ಮಾತೇ ಕಸುಬಾದವರಿಂದ ಅಷ್ಟನ್ನು ನಿರೀಕ್ಷಿಸುವ ಹಕ್ಕು ಕೇಳುಗರಿಗಿದೆ. ‘ಉಪಹಾರ’ದ ಫಲಕವನ್ನು ಮನಸ್ಸಿನಲ್ಲೇ ತಿದ್ದದೆ ನಾನು ಯಾವ ಹೋಟೆಲಿನ ಮೆಟ್ಟಿಲನ್ನೂ ಹತ್ತಿದವನಲ್ಲ.

ಆ ದಿನ ಕಾರ್ಯಕ್ರಮ ಮುಗಿದು ‘ಉಪಹಾರ’ವೂ ಆಯಿತು. ಗೇಟಿನ ಬಳಿ ಆ ರೈತರು ಮಗಳಿಗಾಗಿ ಕಾಯುತ್ತ ನಿಂತಿದ್ದರು. ಅವಳು ಬಂದವಳೇ ಏನೂ ಮಾತಾಡದೆ ಅವರ ಕೈಯಲ್ಲಿದ್ದ ಚೀಟಿಯನ್ನು ತೆಗೆದುಕೊಂಡು ತನ್ನ ಚೀಲಕ್ಕೆ ಹಾಕಿದಳು. ಬರೆದುಕೊಟ್ಟವಳು ಅವಳೇ ಇರಬೇಕು. ಅವರು ಟವೆಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡು, ‘ಒತ್ತಾಯ್ತು, ಆಲು ಕರೀಬೇಕು, ಓಗಮ ನಡಿ’ ಎಂದರು. ಪೊತ್ತು, ಪಾಲ್, ಕಱೆ, ಪೋಗು ಎಲ್ಲವೂ ಆ ಒಂದು ಮಾತಿನಲ್ಲಿದ್ದುವು. ಬೇಡದ ಹಕಾರ ಒಂದೂ ಬಂದಿರಲಿಲ್ಲ.